ಬಾಗಿ ಬಂದು ನೋಡಿದೆಯಾ

ನಮ್ಮ ಮನೆಯಲ್ಲಿ ಫಂಕ್ಷನ್ ಎಂದರೆ
ಯಾರದೋ ನಾಮಕರಣ, ಯಾರದೋ ಗೃಹಪ್ರವೇಶ,
ಕವರಿನಲ್ಲಿ ನೂರಾ ಒಂದು ರೂಪಾಯಿ.
ಎರಡು ಚರಗಳ ಫಂಕ್ಷನ್ ಓದುತ್ತಿದ್ದೇನೆ ಎಂದಾಗ
ಅಮ್ಮ ಕೇಳಿದಳು: ಎರಡೂ ಒಂದೇ ದಿನಾನಾ?

ಜ್ಞಾನಭಾರತಿ, ಬೆಳಿಗ್ಗೆ ಒಂಬತ್ತೂವರೆ.
ಪೊನ್ನಮ್ಮ ಮೇಡಂ ಹಲಗೆಯ ಮೇಲೆ ಬರೆದರು,
ಮೇಲೆ ಎಕ್ಸ್ ಸ್ಕ್ವೇರ್ ವೈ,
ಕೆಳಗೆ ಎಕ್ಸಿನ ನಾಲ್ಕನೇ ಘಾತ, ಅದಕ್ಕೆ ಕೂಡಿದ ವೈ ಸ್ಕ್ವೇರ್.
ಮೂಲಬಿಂದುವಿನ ಹತ್ತಿರ ಹೋದರೆ
ಇದು ಏನಾಗುತ್ತೆ, ಹೇಳಿ.

ಒಂದೇ ಚರವಿದ್ದಾಗ ಸುಖವಿತ್ತು.
ಎಡದಿಂದ ಬಾ, ಬಲದಿಂದ ಬಾ, ಮುಗಿಯಿತು,
ಲಗ್ಗೆರೆಯ ನಮ್ಮ ಗಲ್ಲಿಯ ಹಾಗೆ:
ಈ ತುದಿಗೆ ಹಾಲಿನ ಬೂತು, ಆ ತುದಿಗೆ ಮೋರಿ.
ಈಗ ಬಯಲು.
ಒಂದು ಚುಕ್ಕೆಗೆ ಬರಲು ದಾರಿ ಎಷ್ಟೆಂದು
ಬಿಎಂಟಿಸಿಯವರಿಗೂ ಗೊತ್ತಿಲ್ಲ.

ಟೆಸ್ಟಿನಲ್ಲಿ ನಾನು ನಿಷ್ಠೆಯಿಂದ
ಒಂದೊಂದೇ ಸರಳರೇಖೆ ಹಿಡಿದು ನಡೆದೆ.
ಎಕ್ಸ್ ಅಕ್ಷದ ಮೇಲೆ ಸೊನ್ನೆ.
ವೈ ಅಕ್ಷದ ಮೇಲೆ ಸೊನ್ನೆ.
ಯಾವ ಓರೆಯ ಗೆರೆ ಹಿಡಿದರೂ ಕೊನೆಗೆ ಸೊನ್ನೆ.
ಆದ್ದರಿಂದ ಮಿತಿ ಸೊನ್ನೆ ಎಂದು
ಅಡಿಗೆರೆ ಎರಡೆಳೆದು ಎದ್ದು ಬಂದೆ.
ನಸೀಮಾ ಇನ್ನೂ ಬರೆಯುತ್ತಿದ್ದಳು. ಪಾಪ, ಅಂದುಕೊಂಡೆ.

ಹಾಳೆ ವಾಪಸು ಬಂತು. ಹತ್ತಕ್ಕೆ ಎರಡು.
ತಪ್ಪೆಂಬ ಗುರುತಿಲ್ಲ, ಕೆಂಪು ಶಾಯಿಯಲ್ಲಿ ಒಂದೇ ಸಾಲು:
ಬಾಗಿ ಬಂದು ನೋಡಿದೆಯಾ?

ರಿಂಗ್ ರೋಡಿನ ಬಸ್ಸು
ಸುಮನಹಳ್ಳಿ ಸೇತುವೆ ಹತ್ತಿರ ನಿಂತದ್ದು ನಿಂತೇ ಇತ್ತು.
ತೊಡೆಯ ಮೇಲೆ ನೋಟ್‌ಬುಕ್ ಇಟ್ಟು
ವೈ ಜಾಗದಲ್ಲಿ ಎಕ್ಸ್ ಸ್ಕ್ವೇರ್ ಹಾಕಿದೆ.
ಪರವಲಯದ ಹಾದಿ.
ಮೇಲೆ ನಾಲ್ಕನೇ ಘಾತ, ಕೆಳಗೆ ಅದೇ, ಎರಡು ಸಲ.
ಹೊಡೆದು ಹಾಕಿದೆ.
ಅರ್ಧ.
ಎಷ್ಟು ಹತ್ತಿರ ಹೋದರೂ ಅರ್ಧ.
ಸೊನ್ನೆಯ ಮಗ್ಗುಲಲ್ಲೇ, ಕೂದಲೆಳೆ ದೂರದಲ್ಲಿ
ಇಷ್ಟು ದಿನ ಒಂದು ಅರ್ಧ ಕೂತಿತ್ತು,
ನೇರ ಬಂದವರ ಕಣ್ಣಿಗೆ ಬೀಳದೆ.
ಕಂಡಕ್ಟರ್ ಆಧಾರ್ ಕೇಳಿದ.
ಟೆಸ್ಟಿನ ಹಾಳೆ ಕೊಟ್ಟೆ.

ಅಪ್ಪ ಪೀಣ್ಯದ ಲೇತು ಬಿಟ್ಟು ಐದು ವಾರ.
ಬಿಟ್ಟನೋ, ಬಿಡಿಸಿದರೋ.
ಅಮ್ಮ ಕೇಳಿದಳು, ಏನಾಯ್ತು?
ಏನಿಲ್ಲ.
ಮಾವ ಬಂದು ಕೂರಿಸಿಕೊಂಡು ಕೇಳಿದ.
ಏನಿಲ್ಲ.
ನಾನು ಕೇಳಿದೆ, ಊಟದ ಹೊತ್ತಲ್ಲಿ, ಮೆಟ್ಟಿಲ ಮೇಲೆ, ಒಮ್ಮೆ ಸಿಟ್ಟಲ್ಲಿ.
ಏನಿಲ್ಲ, ಓದ್ಕೋ ಹೋಗು.

ಆ ರಾತ್ರಿ ಓದುವುದನ್ನೇ ಹಿಡಿದುಕೊಂಡು ಹೋದೆ.
ಅಪ್ಪಾ, ಈ ಗೆರೇನ ಲೇತಲ್ಲಿ ಹೇಗೆ ತೆಗೀತೀಯ?
ಕನ್ನಡಕ ಹುಡುಕಿದ. ಬಹಳ ಹೊತ್ತು ನೋಡಿದ.
ಇದು ಹೆಡ್‌ಲೈಟಿನ ಬಟ್ಟಲು, ಅಂದ.
ಇದರ ಡೈ ನಾನೇ ಮಾಡ್ತಿದ್ದೆ.
ಒಳಗೆ ಒಂದು ಜಾಗ ಇದೆ, ಬಲ್ಬು ಅಲ್ಲೇ ಕೂರಬೇಕು,
ಬಟ್ಟಲು ಒಂಚೂರು ಸೊಟ್ಟ ಬಂತೋ
ಬೆಳಕು ರಸ್ತೆ ಬಿಟ್ಟು ಮರ ಹತ್ತುತ್ತೆ.

ನಗುತ್ತಲೇ ಹೆಬ್ಬೆರಳನ್ನು ಗೆರೆಯ ಮೇಲೆ ಜಾರಿಸಿದ.
ಅದು ಗೆರೆ ಬಿಟ್ಟು ಹೋಯಿತು.
ಮತ್ತೆ ತಂದಿಟ್ಟ. ಮತ್ತೆ ಹೋಯಿತು.
ಕೈ ನಿಲ್ತಿಲ್ಲ ಮಗಾ, ದೀಪಾವಳಿಯಿಂದ.
ಎರಡು ಪೀಸ್ ಹಾಳಾಯ್ತು. ಮೂರನೇದಕ್ಕೆ ಆ ಹುಡುಗ, ಸೂಪರ್‌ವೈಸರ್ರು,
ಎಲ್ಲರ ಮುಂದೆ...
ಅಷ್ಟಕ್ಕೇ ನಿಲ್ಲಿಸಿ ನೀರು ಕುಡಿಯಲು ಎದ್ದ.

ಉಳಿದರ್ಧ ನಾನು ಕೇಳಲಿಲ್ಲ.

ನಾಳೆಯ ಪಾಠ ಆಂಶಿಕ ಅವಕಲನ.
ಪುಸ್ತಕ ಹೇಳುತ್ತದೆ: ಉಳಿದದ್ದೆಲ್ಲ ನಿಶ್ಚಲ ಎಂದುಕೊಳ್ಳಿ,
ಒಂದು ಮಾತ್ರ ಅಲುಗಲಿ.
ಪಕ್ಕದ ಮನೆಯ ಟೀವಿ ಆರಿತ್ತು, ಗಲ್ಲಿಯ ನಾಯಿ ಮಲಗಿತ್ತು.
ಅಡುಗೆಮನೆಯ ಕತ್ತಲಲ್ಲಿ
ಬಿಂದಿಗೆಯ ಕಂಠಕ್ಕೆ ಲೋಟ ತಾಕಿ, ತಾಕಿ
ಸಣ್ಣ ಸದ್ದು.