‘ಕ್ಷ’ ಸಾಲದು

ಮಿಷನ್ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ
ಮೊಳೆ ಜೋಡಿಸಿದವನು ನಾನು.
ಕನ್ನಡಿಯೊಳಗಿನ ಕನ್ನಡ ಓದಿ ಓದಿ
ನೆಟ್ಟಗಿರುವ ಅಕ್ಷರ ಕಂಡರೆ
ಈಗಲೂ ಒಂದು ಗಳಿಗೆ ಅನುಮಾನ.

ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿದ್ದದ್ದು ‘ಕ್ಷ’.
ನಮ್ಮ ಪುಸ್ತಕಗಳೇ ಹಾಗೆ:
ರಕ್ಷಕ, ದೀಕ್ಷಾಸ್ನಾನ, ಮೋಕ್ಷ, ಕ್ಷಮೆ.
ನಾಲ್ಕು ಪುಟ ಮುಗಿಯುವಷ್ಟರಲ್ಲಿ ಆ ಮನೆಯ ತಳ ಕಾಣುತ್ತಿತ್ತು.
‘ಕ್ಷ ಸಾಲದು ಸಾರ್’ ಎಂದು ಕೂಗಿದರೆ
ಫೋರ್‌ಮನ್ ಜ್ಞಾನಮುತ್ತು ತಲೆಯೆತ್ತದೆ ಹೇಳುತ್ತಿದ್ದರು:
‘ಅಚ್ಚಾದ ಪುಟ ಬಿಚ್ಚಿಕೋ, ಸಿಗುತ್ತೆ.’
ಇಪ್ಪತ್ತರ ಹುಡುಗ,
ಕೆಲಸದ ಮಾತು ಅಂದುಕೊಂಡಿದ್ದೆ.

ಸಭೆಯ ಶತಮಾನೋತ್ಸವದ ಸಂಚಿಕೆಯಲ್ಲಿ
ರಕ್ಷಕ ಹೋಗಿ ಭಕ್ಷಕ ಆಯಿತು.
ಹದಿನಾರನೆಯ ಪುಟ, ಮೇಲಿನಿಂದ ಮೂರನೆಯ ಸಾಲು,
ಎಂಟುನೂರು ಪ್ರತಿ.
ಲಷ್ಕರ್ ಮೊಹಲ್ಲಾದ ಹುಡುಗರೆಲ್ಲ ಓದಿ ಓದಿ ನಕ್ಕರು.
ಕರಡು ತಿದ್ದಿದವನು ಸಮಾಧಾನಪ್ಪ.
ಕಮಿಟಿಯ ಮುಂದೆ ‘ಜೋಡಿಸಿದವರನ್ನ ಕೇಳಿ’ ಎಂದ.
‘ಸಹಿ ಯಾರದ್ದು ನೋಡಿ’ ಎಂದೆ ನಾನು.

ಅಷ್ಟೇ. ಆಮೇಲೆ ಇಪ್ಪತ್ತಾರು ವರ್ಷ
ಒಂದೇ ದೇವಾಲಯ, ಒಂದೇ ಬಟ್ಟಲು,
ನಡುವೆ ಏಳು ಬೆಂಚು.
ಅವನ ಹೆಂಡತಿಯ ಮಣ್ಣಿಗೆ ಹೋದೆ,
ಒಂದು ಹಿಡಿ ಹಾಕಿದೆ,
ಅವನ ಮುಖ ನೋಡದೆ ಬಂದೆ.

ವಯಸ್ಸಾದಂತೆ ನಂಬಿಕೆ ಗಟ್ಟಿಯಾಗುತ್ತೆ ಅಂತಾರೆ.
ನನ್ನದು ಹುಣಸೆಹಣ್ಣಿನ ಹಾಗಾಯಿತು:
ಓಡು ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಸದ್ದು.
ಮೊಣಕಾಲೂರಲು ಆಗದು, ಕುರ್ಚಿಯಲ್ಲೇ ಪ್ರಾರ್ಥನೆ.
ಬಡ್ತಿ, ಬೋಗಾದಿ ಕಡೆ ಒಂದು ಸೈಟು,
ಮಗಳಿಗೆ ನರ್ಸಿಂಗ್ ಸೀಟು ಎಂದು
ಉದ್ದುದ್ದ ಪಟ್ಟಿ ಕೊಡುತ್ತಿದ್ದವನು ಈಗ ಕೇಳುವುದು
ರಾತ್ರಿ ಎರಡು ಸಲಕ್ಕಿಂತ ಹೆಚ್ಚು ಏಳಿಸಬೇಡಪ್ಪಾ, ಅಷ್ಟೇ.

ಹಾಗೆ ಎರಡನೆಯ ಸಲ ಎದ್ದ ಒಂದು ರಾತ್ರಿ,
ಗೋಡೆ ಹಿಡಿದು ಬರುವಾಗ, ನೆನಪಾಯಿತು.
ಸಂಚಿಕೆ ಜೋಡಿಸುವ ಹಿಂದಿನ ಸಂಜೆ
ಯಾರದೋ ಮದುವೆ ಕಾಗದ ಬಿಚ್ಚುತ್ತಿದ್ದೆ.
ಕರೆಂಟು ಹೋಯಿತು.
ಬೆರಳೇ ಕಣ್ಣು ಎಂಬ ಜಂಬ ನನಗೆ;
ಕತ್ತಲಲ್ಲೇ ಒಂದೊಂದು ಮೊಳೆಯನ್ನೂ
ಅದರದರ ಮನೆಗೆ ಎಸೆದೆ.
‘ರ’ದ ಮನೆಗೆ ‘ಭ’ ಬಿದ್ದಿದ್ದರೆ
ಬಿದ್ದದ್ದು ಈ ಕೈಯಿಂದ.

ಇಪ್ಪತ್ತಾರು ವರ್ಷ ಅವನನ್ನು ಕ್ಷಮಿಸಲು ಹೆಣಗಿದ್ದೆ.
ಒಳ್ಳೆಯವನೆಂದೇ ಅಂದುಕೊಂಡಿದ್ದೆ, ಹೆಣಗುತ್ತಿರುವುದಕ್ಕೆ.
ಸಾಲ ನನ್ನದು,
ಬಡ್ಡಿ ಅವನ ಹತ್ತಿರ ಕೇಳುತ್ತಿದ್ದೆ.

ಭಾನುವಾರ, ಆರಾಧನೆಗೆ ಮುಂಚೆ,
ಒಂದೊಂದೇ ಬೆಂಚು ಹಿಡಿದು ಏಳೂ ದಾಟಿದೆ.
ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದೆ,
ನಾನೇ ಕರಡು ತಿದ್ದಿದ್ದೆ.
ಅವನು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ.
‘ಹೊಸಬರಾ? ಯಾವೂರು?’
ಹಿಂದಿದ್ದ ಸೊಸೆ ಕಣ್ಣಲ್ಲೇ ಹೇಳಿದಳು,
ಒಂದು ವರ್ಷದಿಂದ ಹೀಗೆಯೇ.

ಸಂಚಿಕೆ ಇಲ್ಲ, ಕಮಿಟಿ ಇಲ್ಲ, ಸಹಿ ಇಲ್ಲ.
ಅವನ ಪುಟ ಪೂರ್ತಿ ಬಿಚ್ಚಿಯಾಗಿತ್ತು.
ನಾನೊಬ್ಬನೇ ಅಚ್ಚಿನ ಚೌಕಟ್ಟಿನಲ್ಲಿ
ಬಿಗಿದು ಕೂತಿದ್ದೆ.

‘ಹೌದು, ಹೊಸಬ’ ಎಂದೆ. ‘ಇಲ್ಲೇ, ಮಂಡಿ ಮೊಹಲ್ಲಾ.’
‘ಕೂತ್ಕೊಳ್ಳಿ. ಒಳ್ಳೇ ಸಭೆ ಇದು’
ಎಂದು ಸರಿದು ಜಾಗ ಕೊಟ್ಟ.

ಸ್ತೋತ್ರ ಶುರುವಾಯಿತು.
ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದ.
ತಿರುಗಿಸಲಿಲ್ಲ ನಾನು.
ತಲೆಕೆಳಗಾದದ್ದನ್ನು ಓದುವುದು
ನನಗೆ ಬರುವ ಒಂದೇ ವಿದ್ಯೆ.
ಒಂದೊಂದು ಸಾಲು ಅವನ ಕಿವಿಗೆ ಹೇಳಿಕೊಟ್ಟೆ.
ಹಿಂದೆಯೇ ಹಾಡಿದ ಸಮಾಧಾನಪ್ಪ,
ಹಳೆಯ ಕರಡು ತಿದ್ದುವವನು,
ಒಂದು ‘ಕ್ಷ’ವನ್ನೂ ನುಂಗದೆ.