ಮೂರನೆಯ ರಿಜಿಸ್ಟರು

ವಿರಾಜಪೇಟೆ ಪುರಸಭೆಯಲ್ಲಿ
ಜನನ ಒಂದು, ಮರಣ ಒಂದು,
ಇಪ್ಪತ್ತು ವರ್ಷ ಎರಡೇ ಪುಸ್ತಕ ಬರೆದೆ.
ಈ ಸಲ ಹಳೇ ಗೋದಾಮು ಗುಡಿಸಿ
ಪೈಪು, ವ್ರೆಂಚು, ಉಮ್ಮರ್ ಮೇಸ್ತ್ರಿಯನ್ನು ತಂದಿಟ್ಟು
ಮೂರನೆಯದನ್ನೂ ನನ್ನ ಮೇಜಿಗೇ ಹಾಕಿದರು.

ಮೊದಲ ಹೆಸರು ಜಾಜಿ, ಹತ್ತೊಂಬತ್ತು.
ವಿಳಾಸ? "ಲೈನ್‌ಮನೆ."
ಯಾರ ತೋಟ? "ಈ ವರ್ಷವೋ, ಹೋದ ವರ್ಷವೋ?"
ಖಾಲಿ ಬಿಟ್ಟೆ.

ಬಸ್ ಪಾಸು ಕೊಟ್ಟದ್ದಕ್ಕೆ ಬಂದಳು,
ಕಾಫಿ ಕುಯ್ಲಿನ ಕೂಲಿ ಬಿಟ್ಟು,
ಮೂರು ತಿಂಗಳು.
ನಿನ್ನೆ ನನ್ನ ಬೆನ್ನ ಹಿಂದೆ
ಏಳು ಮಳೆಗಾಲ ತೊಟ್ಟಿಕ್ಕಿದ ನಲ್ಲಿಗೆ
ನೂಲು ಸುತ್ತಿ, ಕಿವಿಗೊಟ್ಟು, ತಿರುಪಿದಳು.
ಕೋಣೆ ನಿಶ್ಶಬ್ದ.

"ಸಾರ್, ಬಿಲ್ಲು?"
ಅಧ್ಯಕ್ಷರ ಸಹಿಗೆ ಹೋಗಿದೆ ಎಂದೆ.
"ಹಾಗಾದರೆ ಇಲ್ಲೇ ಕೂರುತ್ತೇನೆ" ಎಂದು
ವ್ರೆಂಚನ್ನು ಮರಣದ ಪುಸ್ತಕದ ಮೇಲಿಟ್ಟಳು.