ಹಾಸುಗಲ್ಲು

ಗೋಣಿಕೊಪ್ಪದ ಗುಜರಿಯಲ್ಲಿ ಮೊಯ್ದು
ಟರ್ನ್‌ಟೇಬಲ್ಲಿಗೆ ಒಂಬತ್ತು ಸಾವಿರ ಅಂದ.
ಐದಕ್ಕೆ ಇಳಿದ. ಮೋಟಾರೇನೋ ತಿರುಗುತ್ತದೆ,
ಗೊರಗೊರ ನಿಲ್ಲದು.

‘ಆ ಕಲ್ಲನ್ನೂ ಒಯ್ಯಿ, ಹೊರಲಾದರೆ. ದುಡ್ಡು ಬೇಡ.’

ಪ್ಲಾಂಟರುಗಳ ಕ್ಲಬ್ಬಿನ ಬಿಲಿಯರ್ಡ್ಸ್ ಮೇಜಿನ ಹಾಸುಗಲ್ಲು,
ಹಸಿರು ಬಟ್ಟೆ ಸುಲಿದ ಕಪ್ಪು ಸ್ಲೇಟು;
ಅಂಚಿನಲ್ಲಿ ಇನ್ನೂ ನೀಲಿ ಸೀಮೆಸುಣ್ಣ.

ಇದರ ಪಕ್ಕ ಅಪ್ಪ ಇಪ್ಪತ್ತಾರು ವರ್ಷ ನಿಂತಿದ್ದ
ಬೇರೆಯವರ ಅಂಕ ಎಣಿಸುತ್ತ.
ಒಂದು ದಿನವೂ ಕೋಲು ಹಿಡಿದವನಲ್ಲ.
ಕೆಮ್ಮು ಬಂದರೆ
ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದ.

ಕೊಯ್ಯಿಸಿದೆ, ಎರಡು ಮೊಳದ ತುಂಡು.
ಮೇಲೆ ಯಂತ್ರ ಕೂರಿಸಿ ಮುಳ್ಳು ಇಳಿಸಿದೆ.
ಗೊರಗೊರ ಇಲ್ಲ.

ಹಾಡಿಗೆ ಮುಂಚಿನ ಆ ನಾಲ್ಕು ಸುತ್ತು,
ಯಾರೋ ಬಗ್ಗಿ ಗುರಿ ಹಿಡಿದ ಹಾಗೆ.
ನಾನೂ ಕೆಮ್ಮು ತಡೆದುಕೊಂಡೆ.